ಬೆಂಗಳೂರಿನ ಡ್ಯಾನ್ಸ್ ಮ್ಯೂಸಿಕ್ ಸತ್ತಿದೆಯಾ, ಇಲ್ಲಾ ಟ್ರ್ಯಾಕ್ಟರ್ ಹತ್ತಿ ಊರಿಗೆ ಹೋಗಿದೆಯಾ?

ಹಳೇ_ಫೇಡರ್

ಕಳೆದ ಶನಿವಾರ ಇಂದಿರಾನಗರದ ಒಂದು ಪಬ್ಬಿನಲ್ಲಿ ನನ್ನ ಡಿಜೆ ಸೆಟ್ ಇತ್ತು. ರಾತ್ರಿ ಹನ್ನೊಂದೂವರೆ ಇರಬೇಕು. ಒಂದು ಟೆಕ್ನೋ ಟ್ರ್ಯಾಕ್ ನಿಧಾನಕ್ಕೆ ಏರುತ್ತಿತ್ತು, ಮುಂದಿನದನ್ನು ಹೆಡ್‌ಫೋನ್‌ನಲ್ಲಿ ಹೊಂದಿಸುತ್ತಿದ್ದೆ. ಒಬ್ಬ ಹುಡುಗ ಬಂದು ಫೋನನ್ನು ಮಿಕ್ಸರ್ ಮೇಲೇ ಇಟ್ಟ. ಪರದೆ ತುಂಬಾ ದೊಡ್ಡ ಅಕ್ಷರ: "ಬರ್ತ್‌ಡೇ ಇದೆ, ಬಾಲಿವುಡ್ ಹಾಕಿ". ಆಗಲ್ಲ ಅಂತ ಕೈಯಾಡಿಸಿದೆ. ಐದು ನಿಮಿಷಕ್ಕೆ ಮ್ಯಾನೇಜರ್ ಬಂದ. ಆ ಟೇಬಲ್ಲಿನ ಬಿಲ್ ಎಷ್ಟಾಗಿದೆ ಅಂತ ಕಿವಿಯಲ್ಲಿ ಹೇಳಿದ. ಹಾಕಿದೆ. ಎಲ್ಲರೂ ಕುಣಿದರು. ಸೆಟ್ ಮುಗಿಸಿ ಪೆನ್‌ಡ್ರೈವ್ ಕಿತ್ತುಕೊಂಡು ಮನೆಗೆ ಬಂದೆ.

ಆ ಹುಡುಗನ ಮೇಲೆ ನನಗೇನೂ ಕೋಪ ಇಲ್ಲ. ನಾನು 2006ರಿಂದ ಇದೇ ಊರಲ್ಲಿ ಡಿಜೆ ಆಗಿದ್ದೇನೆ, ಇಂಥದ್ದು ಬೇಕಾದಷ್ಟು ನೋಡಿದ್ದೇನೆ. ಆದರೆ ಮೊದಲು ಆ ಹುಡುಗನನ್ನು ಪಕ್ಕದವರೇ "ಸುಮ್ನಿರು ಗುರು, ಚೆನ್ನಾಗಿ ಹೋಗ್ತಿದೆ" ಅಂತ ಎಳೆದುಕೊಂಡು ಹೋಗುತ್ತಿದ್ದರು. ಆ ಪಕ್ಕದವರು ಈಗ ಎಲ್ಲಿದ್ದಾರೆ?

ಹೊಸಬರಿಗೆ ಸ್ವಲ್ಪ ಹಳೇ ಕಥೆ. 2005ರಲ್ಲಿ ಬೆಂಗಳೂರಿಗೆ ಸಾರ್ವಜನಿಕ ಮನರಂಜನೆಯ ಲೈಸೆನ್ಸ್ ಆದೇಶ ಬಂತು. 2008ರಲ್ಲಿ ಪೊಲೀಸರು ಬಿಗಿ ಮಾಡಿದಾಗ, ಡ್ರಿಂಕ್ಸ್ ಕೊಡುವ ಜಾಗದಲ್ಲಿ ಕುಣಿಯೋದೇ ತಪ್ಪು ಅನ್ನುವ ಹಾಗಾಯಿತು. ಆ ವರ್ಷ ನಾನು ಹಾಡು ಹಾಕುತ್ತಿದ್ದೆ, ಜನ ನಿಂತಲ್ಲೇ ಭುಜ ಅಲ್ಲಾಡಿಸುತ್ತಿದ್ದರು, ಯಾರದಾದರೂ ಕಾಲು ಎದ್ದಿತೋ ಬೌನ್ಸರ್ ಬಂದು ಹೆಗಲು ತಟ್ಟುತ್ತಿದ್ದ. ಹನ್ನೊಂದೂವರೆಗೆ ಲೈಟ್ ಆನ್. 2014ರಲ್ಲಿ ಶುಕ್ರವಾರ, ಶನಿವಾರ ಒಂದು ಗಂಟೆವರೆಗೆ ಅಂತಾಯಿತು. ಆಮೇಲಿನ ಮೂರ್ನಾಲ್ಕು ವರ್ಷ ನಿಜಕ್ಕೂ ಚೆನ್ನಾಗಿತ್ತು. 2013ರಲ್ಲಿ ಇಂದಿರಾನಗರದಲ್ಲಿ ಶುರುವಾಗಿದ್ದ ಹಮ್ಮಿಂಗ್ ಟ್ರೀ ಅನ್ನೋ ಸಂಗೀತದ ಪಬ್ಬಿಗೆ ವಾರದ ಮಧ್ಯದಲ್ಲೂ ಬರೀ ಕೇಳೋದಕ್ಕೆ ಅಂತ ಬರುವವರಿದ್ದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ 2005ರ ಆದೇಶವನ್ನು ಎತ್ತಿಹಿಡಿಯಿತು. ಲೈಸೆನ್ಸ್ ಬೇಕಂದರೆ ಕಟ್ಟಡಕ್ಕೆ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ ಬೇಕು. ನಮ್ಮೂರಲ್ಲಿ ಓಸಿ ಇರುವ ಕಟ್ಟಡ ಹುಡುಕೋದು ಸಾವಿಲ್ಲದ ಮನೆಯ ಸಾಸಿವೆ ತಂದ ಹಾಗೆ. 2019ರಲ್ಲಿ ಹಮ್ಮಿಂಗ್ ಟ್ರೀ ಬಾಗಿಲು ಹಾಕಿತು.

ದೊಡ್ಡ ಸಂಗೀತ ಹಬ್ಬಗಳು ಇವೆ, ಇಲ್ಲ ಅನ್ನಲ್ಲ. ಸನ್‌ಬರ್ನ್ 2007ರಲ್ಲಿ ಗೋವಾದ ಕ್ಯಾಂಡೋಲಿಮ್‌ನಲ್ಲಿ ಶುರುವಾದಾಗ ಇಲ್ಲಿಂದ ಬಸ್ ಹತ್ತಿಕೊಂಡು ಹೋದವರಲ್ಲಿ ನಾನೂ ಒಬ್ಬ. ನಮ್ಮಲ್ಲೇ 2016ರಿಂದ ಎಕೋಸ್ ಆಫ್ ಅರ್ತ್ ಇದೆ. ಆದರೆ ವರ್ಷಕ್ಕೊಂದು ಜಾತ್ರೆಯಿಂದ ಊರಲ್ಲಿ ಸಂಗೀತ ಉಳಿಯಲ್ಲ. ವಾರಕ್ಕೊಂದು ಸಣ್ಣ ಕೋಣೆ ಬೇಕು, ಹೊಸ ಹುಡುಗ ತನ್ನ ಟ್ರ್ಯಾಕ್ ಹಾಕಿ ಇಪ್ಪತ್ತು ಜನರ ಮುಂದೆ ಸೋಲುವಂಥ ಕೋಣೆ. ಅದು ಹೋಯಿತು. ನನ್ನ ಪ್ರಕಾರ ಇಲ್ಲಿನ ಡ್ಯಾನ್ಸ್ ಮ್ಯೂಸಿಕ್ ಸೀನ್ ಮುಗಿದಿದೆ. ಅಲ್ಲ ಅನ್ನೋರು ಹೇಳಿ.

ಹನ್ನೆರಡನೇ_ಮೇನ್

ನಾನು ಹೇಳ್ತೀನಿ, ಆದರೆ ನಿಮಗೆ ಇಷ್ಟ ಆಗಲ್ಲ. ನಾನು ಇಂದಿರಾನಗರದ ಮನೆಯವಳು. ಮದುವೆಯಾಗಿ ಬಂದಾಗ ಎದುರಿಗೆ ಒಂದು ಹಳೇ ಬಂಗಲೆ, ಮಾವಿನ ಮರ. ಈಗ ಮೂರು ಮಹಡಿ ಪಬ್. ಹಾಡು ಕೇಳಿಸಲ್ಲ, ಬರೀ ದುಮ್ ದುಮ್ ಮಂಚದ ಕಾಲಿಗೆ ಬರುತ್ತದೆ. ಮಗಳು ಎರಡು ವರ್ಷದವಳಿದ್ದಾಗ ಒಂದು ಗಂಟೆಯವರೆಗೆ ಅವಳನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ತಿರುಗಾಡಿದ್ದೀನಿ, ಹಿಂದುಗಡೆ ಅಂತ ಅಲ್ಲಿ ಸ್ವಲ್ಪ ಕಮ್ಮಿ ಕೇಳಿಸುತ್ತಿತ್ತು. ನಿಮ್ಮ ಚಿನ್ನದ ಕಾಲ ನನ್ನ ನಿದ್ದೆಗೆಟ್ಟ ಕಾಲ. ನನಗೂ ಹಾಡು ಇಷ್ಟ. ಆದರೆ ಗೋಡೆಗೆ ಸೌಂಡ್‌ಪ್ರೂಫ್ ಮಾಡಿಸದೆ, ಮನೆಗಳ ಮಧ್ಯೆ ತಾರಸಿಯಲ್ಲಿ ಸ್ಪೀಕರ್ ಇಟ್ಟವರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಹಳೇ_ಫೇಡರ್

ಒಪ್ಪಿದೆ ಮೇಡಂ. ತಾರಸಿಯಲ್ಲಿ ನಾನೂ ನುಡಿಸಿದ್ದೇನೆ. ಅಲ್ಲಿ ಕನ್ಸೋಲ್ ಹಿಂದೆ ನಿಂತವನಿಗೆ ಎದುರು ಮನೆ ಕಿಟಕಿ ಕಾಣುತ್ತೆ, ಆದರೂ ನೋಡಿರಲಿಲ್ಲ.

ಗುಮ್ಮಟ_ಬೇಸ್

ಅಣ್ಣಾ ನಮಸ್ಕಾರ. ನಾನು ವಿಜಯಪುರ ಕಡೆಯವನು. ನೀವು ಬರೆದ ಒಂದು ಪಬ್ಬಿಗೂ ಕಾಲಿಟ್ಟಿಲ್ಲ, ಆದರೆ ದಿನಾ ಏಳೆಂಟು ತಾಸು ಕಿಕ್ಕು (ತಾಳದ ದುಮ್ ಹೊಡೆತ), ಬೇಸಿನ ಜೊತೆಗೇ ಬದುಕುತ್ತೇನೆ. ಸೀನ್ ಮುಗೀತು ಅಂದಿರಲ್ಲ, ಯಾವ ಸೀನ್ ಅಂತ ಕೇಳಬೇಕು ಅನಿಸಿತು.

ನಮ್ಮ ಕಡೆ ನವೆಂಬರ್ ಅಂದರೆ ಕಬ್ಬಿನ ಹಂಗಾಮು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಎಲ್ಲಿ ಸಕ್ಕರೆ ಫ್ಯಾಕ್ಟರಿ ಇದೆಯೋ ಅಲ್ಲಿ ಟ್ರ್ಯಾಕ್ಟರ್ ಸಾಲು. ಒಂದೊಂದಕ್ಕೆ ಎರಡೆರಡು ಟ್ರೇಲರ್. ತೂಕದ ಪಾಳಿ ಬರಲಿಕ್ಕೆ ಕೆಲವು ಸಲ ಇಡೀ ರಾತ್ರಿ ಕಾಯಬೇಕು. ಮಡ್ಗಾರ್ಡ್ ಮೇಲೆ ಸ್ಪೀಕರ್ ಬಾಕ್ಸ್, ಸೀಟಿನ ಹಿಂದೆ ಆಂಪ್ಲಿಫೈಯರ್, ಬ್ಯಾಟರಿಯಿಂದ ದಪ್ಪ ವೈರು. ಪಕ್ಕದವನ ಹಾಡಿಗಿಂತ ತನ್ನ ಹಾಡು ಜೋರಿರಬೇಕು, ಅದಕ್ಕಿಂತ ಮುಖ್ಯ ಹೊಸದಿರಬೇಕು. ಹೋದ ವಾರದ ಟ್ರ್ಯಾಕ್ ಹಾಕಿದರೆ ನಗುತ್ತಾರೆ. ಅಲ್ಲಿಂದ ಡ್ರೈವರ್ ಹುಡುಗರು ನನಗೆ ಫೋನ್ ಮಾಡುತ್ತಾರೆ. ಊರ ಹೆಸರು, ಟ್ರ್ಯಾಕ್ಟರ್ ಹೆಸರು, ಮಾಲೀಕರ ಹೆಸರು ಹೇಳಿ, ಇವಿಷ್ಟೂ ಹಾಡಿನ ನಡುವೆ ಬರಬೇಕು ಅನ್ನುತ್ತಾರೆ. ಹಾಡು ಏರುವ ಬಿಲ್ಡಪ್ ಮುಗಿದು, ಬೇಸ್ ಒಮ್ಮೆಲೇ ಬರುವ ಡ್ರಾಪ್ ಬೀಳುವ ಮುಂಚೆ ಒಂದು ಕ್ಷಣ ಎಲ್ಲಾ ನಿಲ್ಲುತ್ತದಲ್ಲ, ಆ ಸಂದಿಯಲ್ಲಿ ಆ ಹೆಸರು ಹಾಕುತ್ತೇನೆ. ನಿಮ್ಮ ಯುರೋಪಿನವರು ಅಲ್ಲಿ ಏನು ಹಾಕುತ್ತಾರೋ ಗೊತ್ತಿಲ್ಲ, ನಮ್ಮಲ್ಲಿ ಅದು ಮಾಲೀಕರ ಜಾಗ.

ಒಂದು ಮಾತು, ಮಿಕ್ಸಿಂಗ್ ಗೊತ್ತಿರೋರಿಗೆ. ಮೊದಮೊದಲು ಹೆಡ್‌ಫೋನಿನಲ್ಲಿ ಕೇಳಿ ಮಾಡಿ ಕೊಡುತ್ತಿದ್ದೆ. ಟ್ರ್ಯಾಕ್ಟರ್‌ನಲ್ಲಿ ಹಾಕಿದರೆ ಕಿಕ್ಕೇ ಇಲ್ಲ. ಆ ಸಣ್ಣ ಬಾಕ್ಸಿಗೆ 40, 50 ಹರ್ಟ್ಜ್‌ನ ತೀರಾ ಕೆಳದನಿ ಕೊಟ್ಟರೆ ಅದು ಬರೀ ಉಸಿರು ಬಿಡುತ್ತದೆ, ಮೇಲಿಂದ ಎಂಜಿನ್ನಿನ ಗುಡುಗುಡು ಉಳಿದದ್ದನ್ನು ನುಂಗುತ್ತದೆ. ಹಾಗಾಗಿ ಈಗ ಎರಡು ಮಿಕ್ಸ್ ಮಾಡುತ್ತೇನೆ. ಟ್ರ್ಯಾಕ್ಟರ್ ಮಿಕ್ಸಿನಲ್ಲಿ ಕಿಕ್ಕಿನ ಹೊಡೆತ 90, 100ರ ಸುತ್ತ, ಹಲಗಿಯ ಏಟು ಮುಂದೆ. ಗಣಪತಿಗೆ, ಜಾತ್ರೆಗೆ ಬಾಕ್ಸ್ ಮಿಕ್ಸ್ ಬೇರೆ, ಅಲ್ಲಿ 18 ಇಂಚಿನ ಬೇಸ್ ಸ್ಪೀಕರ್ ಇರುತ್ತದೆ, ಕೆಳಗಿನದೆಲ್ಲ ಬಿಟ್ಟುಕೊಡುತ್ತೇನೆ. ಕೊನೆಯ ಪರೀಕ್ಷೆ ಯಾವಾಗಲೂ ನಮ್ಮ ಕಾಕಾನ ಟ್ರ್ಯಾಕ್ಟರಿನ ಮೇಲೆ, ಎಂಜಿನ್ ಚಾಲೂ ಇಟ್ಟು.

ಹಳೇ_ಫೇಡರ್

ಬರೆದದ್ದು ಓದಿ ಖುಷಿಯಾಯಿತು, ಸುಳ್ಳು ಹೇಳಲ್ಲ. ಆದರೆ ಬೇಜಾರು ಮಾಡ್ಕೋಬೇಡಿ, ನಾನು ಕೇಳಿದ್ದು ಬೇರೆ. ನೀವು ಹೇಳುತ್ತಿರೋದು ಡಿಜೆ ರಿಮಿಕ್ಸ್. ಇನ್ನೊಬ್ಬರು ಹಾಡಿದ ಹಾಡಿಗೆ ಕೆಳಗೆ ಕಿಕ್ ಹಾಕೋದು. ಅದರಲ್ಲಿ ಕೈಚಳಕ ಇದೆ. ಅದನ್ನ ಎಲೆಕ್ಟ್ರಾನಿಕ್ ಸೀನ್ ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ.

ಪಿಚ್_ಪ್ಲಸ್_ಎರಡು

ಹಳೇ ಫೇಡರ್ ಅವರೇ, ಮೇಲಿನ ಮಾತು ವಾಪಸ್ ತಗೊಳ್ಳಿ. ಇನ್ನೊಬ್ಬರ ರೆಕಾರ್ಡ್ ಕತ್ತರಿಸಿ ಕೆಳಗೆ ಕಿಕ್ ಹಾಕಿದ್ದರಿಂದಲೇ ಅಲ್ವಾ ಹೌಸ್ ಅನ್ನೋ ಡ್ಯಾನ್ಸ್ ಸಂಗೀತ ಹುಟ್ಟಿದ್ದು? ಶಿಕಾಗೋದಲ್ಲಿ ಎಂಬತ್ತರ ದಶಕದಲ್ಲಿ ಡಿಸ್ಕೋ ರೆಕಾರ್ಡಿಗೆ ಡ್ರಮ್ ಮಷೀನ್ ಕೂಡಿಸಿದವರನ್ನೂ ಆಗ ಯಾರೂ ಕಲಾವಿದರು ಅಂತ ಕರೆದಿರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ಮುಂಬೈಯಲ್ಲಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಟಿಬಿ-303 ಬೇಸ್ ಸಿಂಥ್, ಟಿಆರ್-808 ಡ್ರಮ್ ಮಷೀನ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ಮಾಡಿದರು. ಅದೇ 303 ಹಿಡಿದು ಶಿಕಾಗೋದವರು ಆಸಿಡ್ ಹೌಸ್ ಅನ್ನೋ ಹೊಸ ಬಗೆ ಮಾಡೋದಕ್ಕೆ ಕೆಲವು ವರ್ಷ ಮುಂಚೆ. ಆಗ ಇಲ್ಲಿ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಹೊರದೇಶದ ಲೇಬಲ್ ಒಂದು ಮತ್ತೆ ಹೊರತಂದ ಮೇಲೆ ನಾವೆಲ್ಲ "ಅಯ್ಯೋ ನಮ್ಮವರು" ಅಂದೆವು. ಕಬ್ಬಿನ ಯಾರ್ಡಿನ ಟ್ರ್ಯಾಕುಗಳಿಗೂ ಹಾಗೇ ಆಗಬೇಕಾ? ಬರ್ಲಿನ್‌ನಿಂದ ಯಾರೋ ಬಂದು ಹೇಳಬೇಕಾ?

ಗುಮ್ಮಟ_ಬೇಸ್

ಬರ್ಲಿನ್‌ನವರು ಬಂದರೆ ಮೊದಲು ಸಾಲಿನಲ್ಲಿ ನಿಲ್ಲಲಿ ಹಹಹ.

ನಿಜ ಹೇಳಬೇಕಂದರೆ ನಮ್ಮಲ್ಲೂ ಎಲ್ಲಾ ಚೆನ್ನಾಗಿಲ್ಲ. ಯೂಟ್ಯೂಬ್‌ನಲ್ಲಿ ನನ್ನ ಮೊದಲನೇ ಚಾನೆಲ್ ಹೋಯಿತು. ತೊಂಬತ್ತು ದಿನದಲ್ಲಿ ಮೂರು ಕಾಪಿರೈಟ್ ಸ್ಟ್ರೈಕ್ ಬಂದರೆ ಮುಗೀತು, ಅಷ್ಟೂ ಹಾಡು ಮಾಯ. ಆಮೇಲೆ ಸಿನಿಮಾ ಹಾಡು ಮುಟ್ಟೋದೇ ಬಿಟ್ಟೆ. ಈಗ ನಮ್ಮ ಕಡೆಯ ಜನಪದ ಹಾಡುವ ಹುಡುಗರೇ ಬರೆದು, ಹಾಡಿ ನನಗೆ ದನಿ ಕಳಿಸುತ್ತಾರೆ. ಸಂಗೀತವೆಲ್ಲ ನನ್ನದು. ಹಾಗಾಗಿ ಅಣ್ಣಾ, ಇನ್ನೊಬ್ಬರ ಹಾಡಿಗೆ ಕಿಕ್ ಅನ್ನೋದು ಹಳೇ ಮಾತು. ಸ್ಟ್ರೈಕ್ ನಮಗೆ ಒಳ್ಳೇದೇ ಮಾಡಿತು ಅನ್ನಬೇಕೋ ಏನೋ.

ದೊಡ್ಡ ಪೆಟ್ಟು ಬಾಕ್ಸ್ ಇಟ್ಟವರಿಗೆ. ಸಾಲ ಮಾಡಿ ಬೇಸ್ ಬಾಕ್ಸ್, ಮೇಲಿನ ದನಿಯ ಟಾಪ್ ಬಾಕ್ಸ್, ಆಂಪ್, ಜನರೇಟರ್, ಲೈಟು, ಗಾಡಿ ಎಲ್ಲ ಕೂಡಿಸಿರುತ್ತಾರೆ. ಗಣಪತಿ ಹಬ್ಬದ ಹೊತ್ತಿಗೆ ಸರಿಯಾಗಿ ಡಿಜೆ ಬಂದ್ ಅಂತ ಆದೇಶ ಬರುತ್ತದೆ. ನನ್ನ ಗೆಳೆಯನ ಬಾಕ್ಸುಗಳು ಹೋದ ವರ್ಷ ತಾಡಪತ್ರಿ ಹೊದ್ದು ಶೆಡ್ಡಿನಲ್ಲೇ ಇದ್ದವು. ಒಂದು ಬೇಸಿನೊಳಗೆ ಬೆಕ್ಕು ಮರಿ ಹಾಕಿತ್ತು.

ಕ್ರಾಸ್‌ಓವರ್_80

ನಾನು ಸೌಂಡ್ ಎಂಜಿನಿಯರ್, ಎರಡೂ ಕಡೆ ಕೆಲಸ ಮಾಡಿದ್ದೇನೆ. ಬಂದ್ ಯಾಕೆ ಬರುತ್ತದೆ ಅನ್ನೋದನ್ನ ಸರಿಯಾಗಿ ತಿಳ್ಕೊಳ್ಳೋಣ. ಇರೋದು 2000ದ ಶಬ್ದ ಮಾಲಿನ್ಯ ನಿಯಮ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಇಲ್ಲ. ಹಬ್ಬಕ್ಕೆ ಅಂತ ಸರ್ಕಾರ ಹನ್ನೆರಡರವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಸಾರ್ವಜನಿಕ ಜಾಗದ ಅಂಚಿನಲ್ಲಿ ಈ ಮಿತಿಗಿಂತ 10 ಜಾಸ್ತಿ ಅಥವಾ 75, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಎರಡು ಬೇಸ್ ಎರಡು ಟಾಪ್ ಇಟ್ಟು ಸಾಧಾರಣ ಜೋರಿನಲ್ಲಿ ಹಾಕಿದರೂ ಇದನ್ನು ದಾಟುತ್ತೀರಿ. ಹತ್ತಾರು ಬಾಕ್ಸ್ ಪೇರಿಸಿದ ಗಾಡಿಯ ಮಾತೇ ಬೇಡ.

ತಮಾಷೆ ಏನಂದರೆ, ಆ ಮೀಟರ್ ಅಳೆಯೋದು ಎ-ತೂಕದ ಡೆಸಿಬಲ್. ಅಂದರೆ ನಮ್ಮ ಕಿವಿ ಕೆಳದನಿಗೆ ಮಂದ ಅಂತ ಲೆಕ್ಕ ಹಿಡಿದು, 50 ಹರ್ಟ್ಜ್‌ನಲ್ಲಿ ಸುಮಾರು 30 ಡೆಸಿಬಲ್ ಕಳೆದು ತೋರಿಸುತ್ತದೆ. ಒಂದು ಮೆರವಣಿಗೆಯಲ್ಲಿ ಪೊಲೀಸರು ಮೀಟರ್ ಹಿಡಿದು ಬಂದಾಗ ನಾನು ಟಾಪ್ ಇಳಿಸಿದೆ, ಬೇಸ್ ಮುಟ್ಟಲಿಲ್ಲ. ಅಂಕಿ ಪಟ್ಟನೆ ಬಿತ್ತು. ಅವರು ತಲೆಯಾಡಿಸಿ ಹೋದರು. ಪಕ್ಕದ ಮನೆಯ ಕಿಟಕಿ ಗಾಜು ಮಾತ್ರ ಹಾಗೇ ನಡುಗುತ್ತಿತ್ತು. ಆವತ್ತು ನನ್ನ ಜಾಣತನಕ್ಕೆ ಎಲ್ಲರೂ ಬೆನ್ನು ತಟ್ಟಿದರು. ಹನ್ನೆರಡನೇ ಮೇನ್ ಅವರು ಮಂಚದ ಕಾಲಿಗೆ ಬರುವ ದುಮ್ ದುಮ್ ಅಂದರಲ್ಲ, ಅದು ಇದೇ. ಮೇಲಿನ ದನಿ ಗೋಡೆಗೆ ತಗ್ಗುತ್ತದೆ. 50 ಹರ್ಟ್ಜ್ ಅಲೆಯ ಉದ್ದವೇ ಸುಮಾರು ಏಳು ಮೀಟರ್, ಅದಕ್ಕೆ ನಿಮ್ಮ ಒಂಬತ್ತಿಂಚಿನ ಗೋಡೆ ಯಾವ ಲೆಕ್ಕ.

ಹುಡುಗರಿಗೆ ಇನ್ನೊಂದು: 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. ಲೆಕ್ಕ ಹಾಕಿ, 100ಕ್ಕೆ ಹದಿನೈದೇ ನಿಮಿಷ. ಬಾಕ್ಸಿನ ಮುಂದೆ ನಾಲ್ಕು ತಾಸು ಕುಣಿಯುತ್ತೀರಿ. ನನ್ನ ಎಡಗಿವಿಯಲ್ಲಿ ಹತ್ತು ವರ್ಷದಿಂದ ಕುಕ್ಕರ್ ಕೂಗುತ್ತಿದೆ, ನಿಲ್ಲಿಸುವವರಿಲ್ಲ. ಇಯರ್‌ಪ್ಲಗ್ ಹಾಕಿಕೊಳ್ಳಿ, ಯಾರೂ ನಗಲ್ಲ. ನಕ್ಕರೂ ಕೇಳಿಸಲ್ಲ.

ಮಾಳಿಗೆ_ಮೇಲಿಂದ

ಬೆಳಗಾವಿಯಿಂದ ಬರೀತಿದ್ದೀನಿ. ನಮ್ಮ ಗಣಪತಿ ವಿಸರ್ಜನೆ ಮೆರವಣಿಗೆ ಒಂದು ಮಧ್ಯಾಹ್ನ ಶುರುವಾದರೆ ಮುಗಿಯೋದು ಮರುದಿನ. ಕಪಿಲೇಶ್ವರ ಹೊಂಡಕ್ಕೆ ಹೋಗುವ ಸಾಲು ಅಷ್ಟುದ್ದ. ಒಂದು ಸಣ್ಣ ಪ್ರಶ್ನೆ. ನೀವೆಲ್ಲ ಸೀನ್ ಸೀನ್ ಅಂತಿದ್ದೀರಲ್ಲ, ಅದರಲ್ಲಿ ಹುಡುಗಿಯರು ಎಲ್ಲಿದ್ದಾರೆ? ನಾನಂತೂ ಮಾಳಿಗೆ ಮೇಲಿದ್ದೆ. ಹದಿನೈದು ವರ್ಷ ಮಾಳಿಗೆ ಮೇಲಿಂದಲೇ ನೋಡಿದ್ದೀನಿ. ಕೆಳಗೆ ಬಾಕ್ಸಿನ ಮುಂದೆ ಅಣ್ಣ, ಅಣ್ಣನ ಗೆಳೆಯರು, ಅಣ್ಣನ ಗೆಳೆಯರ ತಮ್ಮಂದಿರು. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಪಬ್ಬಿಗೆ ಹೋದೆ. ಅಲ್ಲಿ ನನಗೆ ಎಂಟ್ರಿ ಫ್ರೀ, ನನ್ನ ತಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿದರು. ಯಾಕೆ ಫ್ರೀ ಅಂತ ಗೊತ್ತಾಗೋದಕ್ಕೆ ಅರ್ಧ ಗಂಟೆ ಹಿಡಿಯಲಿಲ್ಲ. ಒಂದು ಕಡೆ ಇಳಿಯಬೇಡ, ಇನ್ನೊಂದು ಕಡೆ ಬಾರಮ್ಮಾ ಬಾ. ಎರಡೂ ಕಡೆ ಹಾಡು ನನಗಾಗಿ ಹಾಕಿದ್ದಲ್ಲ.

ಆದರೆ ಮೂರು ವರ್ಷದ ಹಿಂದೆ ನಮ್ಮ ಗಲ್ಲಿಯ ಹೆಂಗಸರು ಮಂಡಳಿಯವರನ್ನು ಹಿಡಿದರು. ಹಿಂದುಗಡೆ ಒಂದು ಸಣ್ಣ ಬಾಕ್ಸ್ ಇಡಿ, ನಾವು ಅಲ್ಲೇ ಬರ್ತೀವಿ ಅಂತ. ಇಟ್ಟರು. ಮೊದಲು ಯಾರೂ ಕುಣಿಯಲಿಲ್ಲ, ಸೆರಗು ಸರಿ ಮಾಡಿಕೊಳ್ಳುತ್ತಾ ನಿಂತಿದ್ದರು. ಆಮೇಲೆ ನಮ್ಮ ಕಾಕು, ಅರವತ್ತು ದಾಟಿದವರು, ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡು ಶುರು ಮಾಡಿದರು. ಇಪ್ಪತ್ತು ನಿಮಿಷ. ಯಾವ ಹಾಡು ಅಂತ ಕೇಳಬೇಡಿ, ಇಲ್ಲಿರೋ ಯಾರಿಗೂ ಅದು ಸೇರಲ್ಲ.

ಗುಮ್ಮಟ_ಬೇಸ್

ಅಕ್ಕಾರ, ಯಾವ ಹಾಡು ಹೇಳಿರಿ, ಅದಕ್ಕೊಂದು ಮಿಕ್ಸ್ ಮಾಡಿ ಕೊಡ್ತೀನಿ. ಕಾಕುನ ಹೆಸರು ಹಾಕಿ.

ಕೇರಿ_ಹಲಗಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಹಲಗಿಯ ಏಟು ಮುಂದೆ ಅಂತ ಮೇಲೆ ಒಬ್ಬರು ಬರೆದರು. ಆ ಏಟು ಬಹುಶಃ ನಮ್ಮ ಅಪ್ಪನದು.

ಅಪ್ಪ ಹಲಗಿ ಬಾರಿಸುತ್ತಾರೆ. ಏಳೆಂಟು ವರ್ಷದ ಹಿಂದೆ ಪಕ್ಕದ ಊರಿನ ಒಬ್ಬ ಹುಡುಗ ಬಂದು, ಮನೆ ಮುಂದೆ ಕೂತು, ಫೋನಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಹೋದ. ಚಹಾ ಕುಡಿಸಿ ಕಳಿಸಿದೆವು. ಈಗ ಆ ನುಡಿತ ಎಷ್ಟು ಟ್ರ್ಯಾಕಿನಲ್ಲಿದೆಯೋ ಲೆಕ್ಕ ಇಲ್ಲ. ನಮಗೆ ಹೇಗೆ ಗೊತ್ತಾಗುತ್ತದೆ ಅಂದರೆ, ಅಪ್ಪ ಚರ್ಮ ಕಾಯಿಸೋದು ಸ್ವಲ್ಪ ಜಾಸ್ತಿ, ದನಿ ಬಿಗಿ, ಮತ್ತೆ ನಾಲ್ಕನೇ ಸುತ್ತಿನಲ್ಲಿ ಸಣ್ಣ ಕೋಲು ಒಂದು ಸಲ ಅಂಚಿಗೆ ತಾಗುತ್ತದೆ, ಟಿಕ್ ಅಂತ. ಆವತ್ತು ತಪ್ಪಿ ತಾಗಿದ್ದು. ಆ ತಪ್ಪು ಸಮೇತ ಅದು ಎಲ್ಲಾ ಕಡೆ ಸುತ್ತುತ್ತಿದೆ. ಬಸ್ಸಿನಲ್ಲಿ ಕೇಳಿಸಿದರೆ ಅಪ್ಪ ಕಿಟಕಿ ಕಡೆ ಮುಖ ಮಾಡಿ ನಗುತ್ತಾರೆ.

ಡಿಜೆ ಬಂದ ಮೇಲೆ ಅಪ್ಪನಿಗೆ ಕರೆ ಕಮ್ಮಿಯಾಯಿತು. ಡಿಜೆ ಬಂದ್ ಆದ ವರ್ಷ ಐದು ಊರಿಂದ ಫೋನ್ ಬಂತು, ನಮ್ಮ ಸಂಸ್ಕೃತಿ ಉಳಿಸಬೇಕು ಬನ್ನಿ ಅಂತ. ಅಪ್ಪ ಹೋದರು, ದುಡ್ಡೂ ಬಂತು. ಆದರೆ ನನಗೂ ನನ್ನ ಓರಗೆಯವರಿಗೂ ಡಿಜೆ ಯಾಕೆ ಹಿಡಿಸಿತ್ತು ಅಂತ ಇಲ್ಲಿ ಯಾರೂ ಹೇಳಲಿಲ್ಲ. ಹಲಗಿ ಇದ್ದಾಗ ನಮ್ಮ ಕೇರಿಯವರು ಬಾರಿಸಬೇಕು, ಊರಿನವರು ಕುಣಿಯಬೇಕು. ಬಾಕ್ಸ್ ಬಂದಾಗ ಮೊದಲ ಸಲ ನಾವೂ ಮುಂದೆ ನಿಂತು ಕುಣಿದೆವು. ಬಾಕ್ಸಿಗೆ ನೀನು ಯಾವ ಕೇರಿ ಅಂತ ಯಾರೂ ಕೇಳಲ್ಲ. ಹಾಗಾಗಿ ಡಿಜೆ ಹೋಗಿ ಹಳೇ ವಾದ್ಯ ಬರಲಿ ಅಂತ ಊರ ಹಿರಿಯರು ಭಾಷಣ ಮಾಡಿದಾಗ ನಾನು ಚಪ್ಪಾಳೆ ಹೊಡೆಯಲಿಲ್ಲ. ಅಪ್ಪನಿಗೆ ಕೆಲಸ ಸಿಕ್ಕಿದ್ದಕ್ಕೆ ಖುಷಿ ಇತ್ತು. ಎರಡೂ ಒಟ್ಟಿಗೇ ಇತ್ತು, ಬಿಡಿಸಿ ಹೇಳೋಕೆ ಬರಲ್ಲ.

ಗುಮ್ಮಟ_ಬೇಸ್

ಆ ಟಿಕ್ ನನಗೆ ಗೊತ್ತು. ನನ್ನ ಹತ್ತಿರ ಇರುವ ಹಲಗಿ ಪ್ಯಾಕಿನಲ್ಲಿ ಮೂರನೇ ಫೈಲು. ಯಾರೋ ಯಾರಿಂದಲೋ ತಗೊಂಡು ಕೊಟ್ಟದ್ದು. ಚಂದ ಇದೆ ಅಂತ ಆ ಟಿಕ್ ತೆಗೆಯದೆ ಹಾಗೇ ಬಿಟ್ಟಿದ್ದೆ. ತಮ್ಮಾ, ನಿನಗೆ ಬೇರೆಯಾಗಿ ಮೆಸೇಜ್ ಹಾಕಿದ್ದೀನಿ, ನೋಡು. ಅಪ್ಪನ ಹೆಸರು ಡ್ರಾಪಿನ ಮುಂಚೆ ಬರುತ್ತದೆ ಇನ್ನು ಮೇಲೆ. ಹೊಸದಾಗಿ ರೆಕಾರ್ಡ್ ಮಾಡಿಕೊಳ್ಳೋಣ ಅಂದರೆ ಅದರ ದುಡ್ಡಿನ ಮಾತು ಮೊದಲೇ ಆಡೋಣ.

ಹನ್ನೆರಡನೇ_ಮೇನ್

ಫೇಡರ್ ಅವರೇ ಎಲ್ಲಿ ಹೋದಿರಿ? ಪ್ರಶ್ನೆ ಕೇಳಿ ನಾಪತ್ತೆ.

ಹಳೇ_ಫೇಡರ್

ಇಲ್ಲೇ ಇದ್ದೀನಿ. ಹಲಗಿಯ ಪೋಸ್ಟ್ ಓದಿದ ಮೇಲೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ಗುಮ್ಮಟ ಕಳಿಸಿದ ನಾಲ್ಕು ಟ್ರ್ಯಾಕ್ ಕೇಳಿದೆ. ಎರಡು ನನಗೆ ಹಿಡಿಸಲಿಲ್ಲ, ಸುಮ್ನೆ ಹೊಗಳಲ್ಲ. ಸಿಂಥ್ ತುಂಬಾ ಚೂಪು, ದನಿಯ ಮೇಲೆ ಆಟೋಟ್ಯೂನ್ ಜಾಸ್ತಿ. ಮೂರನೆಯದರಲ್ಲಿ ಕಿಕ್ಕಿಗೂ ಹಲಗಿಗೂ ನಡುವೆ ಒಂದು ಚೂರು ಸಂದಿ ಬಿಟ್ಟಿದ್ದೀರಿ, ಕಂಪ್ಯೂಟರಿನ ತಾಳದ ಗ್ರಿಡ್ಡಿಗೆ ಅಂಟಿಸಿಲ್ಲ. ಅದು ತಳ್ಳುತ್ತದೆ. ಇಷ್ಟು ವರ್ಷ ನಾನು ಅಂಥದ್ದನ್ನು ಹೊರಗಿನ ಲೇಬಲ್ಲುಗಳಲ್ಲಿ ದುಡ್ಡು ಕೊಟ್ಟು ಹುಡುಕಿದ್ದೇನೆ.

ಸಣ್ಣ ಕೋಣೆ ಹೋಯಿತು ಅಂತ ಬರೆದಿದ್ದೆ. ಬೆಂಗಳೂರಿನ ಮಟ್ಟಿಗೆ ಆ ಮಾತು ಈಗಲೂ ನಿಜ, ವಾಪಸ್ ತಗೊಳ್ಳಲ್ಲ. ಸೀನ್ ಮುಗಿದಿದೆ ಅಂದದ್ದನ್ನು ತಗೊಳ್ತೀನಿ. ಜನವರಿಯಲ್ಲಿ ಆ ಕಡೆ ಬರಬಹುದಾ? ಒಂದು ರಾತ್ರಿ ಯಾರ್ಡಿನಲ್ಲಿ ಇರಬೇಕು ಅನಿಸಿದೆ. ನನ್ನದೂ ಒಂದು ಟ್ರ್ಯಾಕ್ ತರುತ್ತೇನೆ, ಕಾಕಾನ ಟ್ರ್ಯಾಕ್ಟರ್ ಮೇಲೆ ಹಾಕಿ ನೋಡೋಣ.

ಗುಮ್ಮಟ_ಬೇಸ್

ಬರ್ರಿ ಅಣ್ಣಾ, ಮನೆಯಲ್ಲೇ ಉಳಿದರಾಯಿತು. ಸ್ವೆಟರ್ ತನ್ನಿ, ಯಾರ್ಡಿನಲ್ಲಿ ಬೆಳಗಿನ ಜಾವ ಚಳಿ ಇರುತ್ತದೆ. ಟ್ರ್ಯಾಕು ಎಂಪಿ3 ಇರಲಿ, ವೇವ್ ಫೈಲ್ ಆ ಪ್ಲೇಯರ್ ಓದಲ್ಲ. ಪೆನ್‌ಡ್ರೈವ್ 32 ಜಿಬಿಗಿಂತ ದೊಡ್ಡದು ಬೇಡ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿಕೊಂಡು ಬನ್ನಿ. ಮತ್ತೆ 50 ಹರ್ಟ್ಜ್ ಕೆಳಗಿನದನ್ನು ಅಲ್ಲೇ ಮನೆಯಲ್ಲೇ ಕತ್ತರಿಸಿ ಬನ್ನಿ, ಹೋದ ತಿಂಗಳಷ್ಟೇ ಕಾಕಾನ ಬಾಕ್ಸಿಗೆ ಹೊಸ ಕೋನ್ ಹಾಕಿಸಿದ್ದೇವೆ.